ಬೂಸಾ ಚೀಲದ ಗೂನುಬೆನ್ನಿನ ದುಂಬಿ

ಕಳೆದ ಬೇಸಗೆಯಲ್ಲಿ ಅಟ್ಟದ ಮೇಲಿದ್ದ ಹಳೆಯ ಬೂಸಾ ಚೀಲವೊಂದನ್ನು ನಾವು ಕೆಳಗಿಳಿಸಿದೆವು. ಎರಡು ವರ್ಷ ಮರೆತುಹೋಗಿದ್ದ ಚೀಲ. ಬಾಯಿ ಬಿಚ್ಚಿದೊಡನೆ ಎಣ್ಣೆ ಹಚ್ಚಿದಂತೆ ಮಿರುಗುವ ಕೆಂಗಂದು ಹುಳುಗಳು ನೆಲದ ಮೇಲೆ ಹರಿದವು. ಮನೆಯವರು ತಿಗಣೆಯೆಂದರು, ಆಳುಮಗ ಉಣ್ಣೆಯೆಂದನು. ನೆರೆಮನೆಯ ಹಿರಿಯರು ಕಾಳಿಗೆ ಇಡುವ ವಿಷದ ಗುಳಿಗೆಯ ಡಬ್ಬಿಯನ್ನೇ ತಂದುಕೊಟ್ಟರು. ನಾವೂ ಇಡುವವರೇ, ಒಂದನ್ನು ಶಾಲೆಯ ಭೂತಗನ್ನಡಿಯಲ್ಲಿ ನೋಡಿದ ಮೇಲೆ ಕೈ ತಡೆದೆವು.

ಉಣ್ಣೆಗೆ ಕಾಲು ಎಂಟು, ಇದಕ್ಕೆ ಆರು. ಹಸಿದ ತಿಗಣೆಯ ಮೈ ಚಪ್ಪಟೆ, ಇದರ ಬೆನ್ನು ವಿಜಾಪುರದ ಗುಮ್ಮಟದಂತೆ. ಉದ್ದ 2–3 ಮಿಲಿಮೀಟರು. ಮುಟ್ಟಿದರೆ ಕಾಲು ಮುದುಡಿ ಸತ್ತಂತೆ ಬೀಳುತ್ತದೆ. ನೋಟಕ್ಕೆ ಜೇಡದಂತಿರುವುದರಿಂದ ಜೇಡದುಂಬಿಗಳ ಗುಂಪಿಗೆ ಸೇರಿಸಿದ್ದಾರೆ. ಶಾಸ್ತ್ರದ ಹೆಸರು ಗಿಬ್ಬಿಯಂ. ಲ್ಯಾಟಿನ್ನಿನಲ್ಲಿ ಗಿಬ್ಬಸ್ ಎಂದರೆ ಗೂನು. ಇದು ರಕ್ತ ಹೀರುವ ಪ್ರಾಣಿಯಲ್ಲ.

ಸೋಜಿಗವೆಂದರೆ ಇದಕ್ಕೆ ಹಾರಲು ಬಾರದು. ಬೆನ್ನಿನ ಗಟ್ಟಿ ಚಿಪ್ಪುಗಳೆರಡೂ ಬೆಸೆದುಕೊಂಡಿವೆ, ಒಳಗೆ ರೆಕ್ಕೆಯಿಲ್ಲ. ಆದರೂ ಲೋಕವೆಲ್ಲ ಸುತ್ತಿದೆ. ಹೊತ್ತು ತಿರುಗಿದವರು ನಾವೇ, ಚೀಲಗಳಲ್ಲಿ, ಹಡಗುಗಳಲ್ಲಿ. 1922ರಲ್ಲಿ ತೆರೆದ ಈಜಿಪ್ತಿನ ತುತಾಂಖಾಮನ್ ದೊರೆಯ ಗೋರಿಯ ಪಾತ್ರೆಗಳಲ್ಲಿಯೂ ಗಿಬ್ಬಿಯಂ ದುಂಬಿಗಳು ಸಿಕ್ಕವು. ಬಹುಕಾಲ ಪುಸ್ತಕಗಳು ಎಲ್ಲ ದೇಶಗಳ ಹುಳುವನ್ನೂ ಸೈಲಾಯ್ಡಿಸ್ ಎಂಬ ಒಂದೇ ಹೆಸರಿನಿಂದ ಕರೆದವು. 1985ರಲ್ಲಿ ಬೆಲ್ಲೆಸ್ ಮತ್ತು ಹಾಲ್‌ಸ್ಟೆಡ್ ಎಂಬ ವಿದ್ವಾಂಸರು ಜಾತಿಗಳು ಎರಡೆಂದು ವಿಂಗಡಿಸಿದರು: ಸೈಲಾಯ್ಡಿಸ್ ಮೆಡಿಟರೇನಿಯನ್ ಸಮುದ್ರದ ಸುತ್ತಣ ಸೀಮೆಯಲ್ಲಿಯೇ ಹೆಚ್ಚು, ಲೋಕಸಂಚಾರಿ ಈಕ್ವಿನಾಕ್ಷಿಯಾಲೆ ಎಂಬುದು. ಮೇಷ್ಟರುಗಳೂ ಹೀಗೆ ಅವಳಿ ಮಕ್ಕಳ ಹೆಸರನ್ನು ತಪ್ಪಿ ಕೂಗುವುದುಂಟು!

ರೈತನಿಗೆ ಇದರಿಂದ ಕೇಡೆಷ್ಟು? ಗಟ್ಟಿ ಜೋಳವನ್ನು ಕೊರೆದು ಟೊಳ್ಳು ಮಾಡುವುದು ಸೊಂಡಿಲ ಹುಳುವಿನ ಕೆಲಸ. ಇದು ತಿನ್ನುವುದು ನುಚ್ಚು, ಹಿಟ್ಟು, ಬೂಸಾ, ಮಸಾಲೆ ಪುಡಿ, ಸತ್ತ ಹುಳು, ಇಲಿಯ ಹಿಕ್ಕೆ. ಆದುದರಿಂದ ಇದು ಕಂಡಲ್ಲಿ ಎಲ್ಲೋ ಹಳೆಯ ಕಸ ಉಳಿದಿದೆಯೆಂದು ಹುಡುಕತಕ್ಕದ್ದು. ಗುಳಿಗೆಯ ಮಾತೇ ಬೇಡ. ಅದು ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅನಿಲವು ಗೋಡೆಯ ಸಂದಿನಿಂದ ಆಚೆಯ ಕೋಣೆಗೂ ನುಗ್ಗುತ್ತದೆ, ಮಲಗಿದವರು ಏಳುವುದಿಲ್ಲ.

ನಾವು ಬೂಸಾವನ್ನು ತಿಪ್ಪೆಗುಂಡಿಯಲ್ಲಿ ಆಳಕ್ಕೆ ಹೂತು, ಚೀಲವನ್ನು ಸುಟ್ಟು, ಅಟ್ಟದ ಹಲಗೆಯ ಸಂದುಗಳನ್ನು ಕಡ್ಡಿಯಿಂದ ಕೆದಕಿ ಗುಡಿಸಿದೆವು. ಪಕ್ಕದ ಮಡಕೆಯಲ್ಲಿದ್ದ ಹಳೆಯ ಕಾರದಪುಡಿಯಲ್ಲಿಯೂ ಹತ್ತಾರು ಹುಳು ಇದ್ದವು. ಡಬ್ಬಿಯನ್ನು ಹಿಂದಿರುಗಿಸಲು ಹೋದಾಗ ಹಿರಿಯರು ಅದನ್ನು ಮೊಮ್ಮಗನ ತೊಟ್ಟಿಲ ಮೇಲಿನ ಗೂಡಿನಲ್ಲಿಡಲು ಕೈಚಾಚಿದರು. ವರ್ಷದಿಂದ ಅದರ ಜಾಗ ಅದೇ ಆಗಿತ್ತಂತೆ. ವಿಷಯ ತಿಳಿಸಿದೆವು, ಅಂದೇ ಅದು ಮನೆಯಿಂದ ಹೊರಬಿತ್ತು.