ಮಂಜುಗಡ್ಡೆ ಕೈಬಿಟ್ಟ ವೃತ್ತ

ಅಣಶಿಯಲ್ಲಿ ನಮಗೆ ಗೊತ್ತಿರುವ ಸ್ಕೇಟಿಂಗ್ ಒಂದೇ: ಮಳೆಗಾಲದಲ್ಲಿ ಹಾವಸೆಗಟ್ಟಿದ ಅಂಗಳದಲ್ಲಿ ಜಾರಿ ಬೀಳುವುದು. ಚಕ್ರ ಕಟ್ಟಿಕೊಂಡು ಜಾರುವುದನ್ನು ನೋಡಬೇಕೆಂದರೆ ಜೋಯಿಡಾ, ರಾಮನಗರ, ಖಾನಾಪುರ ದಾಟಿ ಬೆಳಗಾವಿಗೇ ಹೋಗಬೇಕು. ಅಲ್ಲಿನ ಮಕ್ಕಳ ಲಿಂಬೊ ಸ್ಕೇಟಿಂಗ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಆರು ವರ್ಷದ ಅನಿಕೇತ್ ಚಿಂಡಕ್ ಸಾಲಾಗಿ ನಿಂತ 57 ಕಾರುಗಳ ಅಡಿಯಿಂದ 45 ಸೆಕೆಂಡಿನಲ್ಲಿ ನುಸುಳಿ ಬಂದದ್ದು ವಿದೇಶಿ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು.

ನಾನು ಹೋದದ್ದೂ ಅಂಥದ್ದನ್ನೇ ನೋಡಲು. ಆದರೆ ಕಣ್ಣು ನೆಟ್ಟದ್ದು ರಿಂಕ್‌ನ ಮೂಲೆಯಲ್ಲಿ. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಒಂದಕ್ಕೊಂದು ತಾಗಿದ ಎರಡು ವೃತ್ತ. ಪುಟ್ಟ ಹುಡುಗಿಯೊಬ್ಬಳು ಒಂಟಿಕಾಲಿನಲ್ಲಿ ಆ ಗೆರೆ ಹಿಡಿದು ಸುತ್ತುತ್ತಿದ್ದಳು. ವೃತ್ತಗಳು ಕೂಡುವಲ್ಲಿ ಕಾಲು ಬದಲು, ಮತ್ತೆ ಸುತ್ತು. ಪಾದ ಯಾವ ಕಡೆ ವಾಲಿದರೆ ಚಕ್ರವೂ ಆ ಕಡೆಗೇ ಹೊರಳುತ್ತದೆ. ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ಮಾಡಿಕೊಟ್ಟ ಉಪಾಯ ಅದು. ಗೆರೆಯಿಂದ ಎರಡು ಬೆರಳು ಆಚೆ ಸರಿದರೂ ತರಬೇತುದಾರರದು ಒಂದೇ ಮಾತು: ‘ಇನ್ನೊಂದ್ ಸಲ.’

ಈ ಎಂಟರ ಆಕೃತಿ ಚಕ್ರದ್ದಲ್ಲ, ಮಂಜುಗಡ್ಡೆಯದು. ಪ್ರಾಣಿಗಳ ಎಲುಬು ಕಾಲಿಗೆ ಕಟ್ಟಿಕೊಂಡು ಹೆಪ್ಪುಗಟ್ಟಿದ ಕೆರೆ ದಾಟುತ್ತಿದ್ದ ಯುರೋಪಿನವರಿಗೆ ಡಚ್ಚರು ಕಬ್ಬಿಣದ ಅಲಗು ಕೊಟ್ಟರು. 1860ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಹೇನ್ಸ್ ಈ ಜಾರಾಟಕ್ಕೆ ಸಂಗೀತ, ನೃತ್ಯ ಬೆರೆಸಿದ. 1876ರಲ್ಲಿ ಲಂಡನ್ನಿನಲ್ಲಿ ಕೃತಕ ಮಂಜಿನ ರಿಂಕ್ ಬಂತು. ನಾರ್ವೆಯ ಸೋನ್ಯಾ ಹೆನಿ 1928, 1932, 1936ರಲ್ಲಿ ಒಲಿಂಪಿಕ್ ಚಿನ್ನ ಗೆದ್ದು ಹಾಲಿವುಡ್ ತಾರೆಯಾದಳು.

ನನಗೆ ಮಾತ್ರ ಹೆನಿಗಿಂತ ಆಸ್ಟ್ರಿಯಾದ ಟ್ರಿಕ್ಸಿ ಶೂಬಾ ಇಷ್ಟ. ಆಗೆಲ್ಲ ಸ್ಪರ್ಧಿ ಅಲಗಿನಿಂದ ಮಂಜಿನ ಮೇಲೆ ವೃತ್ತ ಬರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಸಾಗಬೇಕಿತ್ತು. ಆಕೆ ಸರಿದ ಮೇಲೆ ತೀರ್ಪುಗಾರರು ಕೋಟು ತೊಟ್ಟು ಮಂಜಿಗಿಳಿದು, ಬಗ್ಗಿ, ಕುಕ್ಕರಗಾಲಿನಲ್ಲಿ ಕೂತು ಗೆರೆ ಪರೀಕ್ಷಿಸುತ್ತಿದ್ದರು! 1972ರ ಸಪ್ಪೊರೊ ಒಲಿಂಪಿಕ್ಸ್‌ನ ಮುಕ್ತ ಪ್ರದರ್ಶನದಲ್ಲಿ, ಅಂದರೆ ಸಂಗೀತಕ್ಕೆ ಜಿಗಿದು ಕುಣಿಯುವ ಸುತ್ತಿನಲ್ಲಿ, ಶೂಬಾಗೆ ಏಳನೇ ಸ್ಥಾನ. ಆದರೂ ವೃತ್ತಗಳ ಬಲದಿಂದ ಚಿನ್ನ ಆಕೆಯದೇ. ಮುಕ್ತ ಪ್ರದರ್ಶನದಲ್ಲಿ ಎಲ್ಲರಿಗಿಂತ ಮೇಲಿದ್ದ ಅಮೆರಿಕದ ಜಾನೆಟ್ ಲಿನ್‌ಗೆ ಸಿಕ್ಕಿದ್ದು ಕಂಚು. ಟಿ.ವಿ. ಮುಂದೆ ಕೂತು ಮುಕ್ತ ಪ್ರದರ್ಶನವನ್ನಷ್ಟೇ ನೋಡಿದವರಿಗೆ ತಲೆಬುಡ ತಿಳಿಯಲಿಲ್ಲ. ವೃತ್ತದ ಅಂಕ ಕುಗ್ಗುತ್ತ ಬಂದು, 1990ರ ಬಳಿಕ ವಿಶ್ವಮಟ್ಟದ ಸ್ಪರ್ಧೆಗಳಿಂದ ಅದು ಮಾಯವೇ ಆಯಿತು. ಟಿ.ವಿ.ಗಾಗಿ ಆಟದ ಬೇರನ್ನೇ ಕಿತ್ತರೆಂಬುದು ನನ್ನ ತಕರಾರು.

ಬೇರು ಉಳಿದದ್ದು ಚಕ್ರದವರ ಬಳಿ. ಮಂಜಿನ ಮೇಲೆ ಅಲಗು ತಾನೇ ಗೆರೆ ಬರೆಯುತ್ತದೆ. ಸಿಮೆಂಟಿನ ಮೇಲೆ ಚಕ್ರ ಏನನ್ನೂ ಬರೆಯದು. ಹಾಗಾಗಿ ಗೆರೆಯನ್ನು ಮೊದಲೇ ಬಳಿದಿಟ್ಟು, ಕಾಲು ಅದನ್ನು ಬಿಡದಂತೆ ಪಳಗಿಸುತ್ತಾರೆ.

ಲಿಂಬೊ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಮಗು ಬೆಳೆದು ಎತ್ತರವಾದಂತೆ ಕಾರಿನಡಿ ಜಾಗ ಸಾಲದು. ಈ ವೃತ್ತಗಳಿಂದಲೇ ಶುರುವಾಗುವ ಕಲಾತ್ಮಕ ಸ್ಕೇಟಿಂಗ್‌ಗೆ ಹಾಗಲ್ಲ: 2010ರ ಗುವಾಂಗ್ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಅದರಲ್ಲೇ ಎರಡು ಕಂಚು ಗೆದ್ದರು. ಲಿಂಬೊ ದಾಖಲೆಯ ಹಿಂದೆ ಬಿದ್ದಿರುವ ಪಾಲಕರು ಮಕ್ಕಳನ್ನು ಒಮ್ಮೆ ಆ ಬಿಳಿ ಗೆರೆಯ ಮೇಲೂ ನಿಲ್ಲಿಸಲಿ. ನಮ್ಮ ಜೋಯಿಡಾದಲ್ಲೂ ಅದಕ್ಕೆ ಬೇಕಾದದ್ದು ಸೂರಿರುವ ನುಣುಪಾದ ನೆಲ, ವೃತ್ತ ಎಳೆಯಲು ಒಂದು ಹಗ್ಗ, ಒಂದು ಡಬ್ಬಿ ಬಣ್ಣ, ಕಲಿಸುವವರೊಬ್ಬರು; ಅಷ್ಟೇ.