ತುಕ್ಕಿನ ಕೆಳಗಿನ ಇಸವಿ

ಪುಣೆಯ ಜೂನಾ ಬಾಜಾರಿನಲ್ಲಿ ಕೊಂಡ ನನ್ನ ಮೊದಲ ಬಯೊನೆಟ್ಟನ್ನು ಕೆಡಿಸಿದವನು ನಾನೇ. ಬಫಿಂಗ್ ಚಕ್ರಕ್ಕೆ ಹಿಡಿಸಿ ಊಟದ ತಟ್ಟೆಯ ಹಾಗೆ ಫಳಫಳ ಮಾಡಿಸಿಕೊಂಡು ಬಂದೆ. ಹೊಳಪು ಬಂತು, ಮುದ್ರೆಗಳು ಅಳಿಸಿಹೋದವು. ಅದು ಯಾವ ಕಾಲದ್ದೆಂದು ಇನ್ನು ಯಾರೂ ಹೇಳಲಾರರು.

ಹಾಗಾಗಿ ಕಳೆದ ವರ್ಷ ನೆರೆಮನೆಯವರು ಹಳೆಯ ಟ್ರಂಕಿನಲ್ಲಿ ಸಿಕ್ಕ ಬಯೊನೆಟ್ ತಂದು, "ಪಾಲಿಶ್ ಮಾಡಿಸಿಕೊಡಿ, ಗೋಡೆಗೆ ಹಾಕೋಣ" ಎಂದಾಗ ಎದೆ ಧಸಕ್ಕೆಂದಿತು. ಮೊದಲ ಮಹಾಯುದ್ಧಕ್ಕೆ ಮೆಸಪಟೋಮಿಯಾಕ್ಕೆ ಹೋಗಿದ್ದ ಮುತ್ತಜ್ಜ ತಂದದ್ದಂತೆ. ಅದರ ಮೇಲೆ 1907 ಎಂಬ ಅಂಕಿಯನ್ನೂ ಅವರು ಓದಿಟ್ಟುಕೊಂಡಿದ್ದರು. ಎಲ್ಲರೂ ಎಡವುವುದು ಇಲ್ಲೇ. 1907 ಎಂಬುದು ಮಾದರಿಯ ವರ್ಷ, ತಯಾರಾದ ವರ್ಷವಲ್ಲ. ಅದು ಇನ್ನೂ ಚಿಕ್ಕದಾಗಿ ಕೆಳಗೆ ಇರುತ್ತದೆ.

(ಬಯೊನೆಟ್ ಹೆಸರು ಶಸ್ತ್ರ ನಿಯಮಗಳ ಪಟ್ಟಿಯಲ್ಲೇ ಇದೆ. ಪರವಾನಗಿ ಬೇಕೇ ಎಂದು ಠಾಣೆಯಲ್ಲಿ ಕೇಳಿಕೊಂಡ ಮೇಲೆಯೇ ಕೈಹಚ್ಚಿದೆವು. ನೀವೂ ಕೇಳಿ.)

ಸೀಮೆಎಣ್ಣೆ ಸವರಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅತಿ ನವುರಾದ ಸ್ಟೀಲ್ ವೂಲ್‌ನಿಂದ ಉಜ್ಜಿದೆ. ಕೆಂಪು ತುಕ್ಕು ಮಾತ್ರ ಹೋಗಬೇಕು. ಅದರಡಿಯ ಕಂದುಗಪ್ಪು ಛಾಯೆ ಲೋಹದ ವಯಸ್ಸು, ಅದನ್ನು ಮುಟ್ಟಬಾರದು. ಮರದ ಹಿಡಿಗೆ ನಾಲ್ಕು ಹನಿ ಅಗಸೆ ಎಣ್ಣೆ, ಅಷ್ಟೇ. ಮರಳುಕಾಗದ ಬೇಡವೇ ಬೇಡ. ಅಲಗನ್ನು ಚರ್ಮದ ಒರೆಯಲ್ಲೇ ಇಟ್ಟರೆ ತೇವ ಹಿಡಿದು ಮತ್ತೆ ತುಕ್ಕು ಬರುತ್ತದೆ, ಬೇರೆ ಬೇರೆ ಇಡಬೇಕು.

ಮೂರನೇ ದಿನ ಹಿಡಿಯ ಬುಡದಲ್ಲಿ ಕಿರೀಟ, ಐದನೇ ಜಾರ್ಜ್ ದೊರೆಯ ಜಿ.ಆರ್., ಅದರಡಿ 17 ಎಂಬ ಅಂಕಿ ಎದ್ದು ಬಂದವು. 1917! ಇನ್ನೊಂದು ಬದಿಯಲ್ಲಿ ಬಾಣದ ಗುರುತಿನ ಕೆಳಗೆ ಐ ಅಕ್ಷರ, ಅಂದರೆ ಭಾರತ ಸರ್ಕಾರದ ಸ್ವತ್ತು. ನೆರೆಯವರು ಹಿಗ್ಗಿದರು.

ನನಗೆ ಮಾತ್ರ ಅಳತೆ ಕಾಡುತ್ತಿತ್ತು. ಲೀ-ಎನ್‌ಫೀಲ್ಡ್ ಬಂದೂಕಿನ ಆ ಬಯೊನೆಟ್ಟಿಗೆ 17 ಅಂಗುಲದ ಅಲಗಿರಬೇಕು, ಇದಕ್ಕಿದ್ದದ್ದು 12. ಅಲಗಿನ ಮೇಲೆ ಉದ್ದಕ್ಕೆ ಕೊರೆದ ತೋಡು (ರಕ್ತ ಹರಿಯಲೆಂದು ಅನ್ನುತ್ತಾರೆ, ಸುಳ್ಳು, ತೂಕ ಇಳಿಸಲು) ತುದಿಗೆ ಸಾಕಷ್ಟು ಮೊದಲೇ ನಿಲ್ಲಬೇಕು. ಇಲ್ಲಿ ಅದು ಮೊನೆಯವರೆಗೂ ಹೋಗಿತ್ತು. ಅಂದರೆ ಉದ್ದದ ಅಲಗನ್ನು ಆಮೇಲೆ ಕತ್ತರಿಸಿ ಹೊಸ ಮೊನೆ ಕೊಟ್ಟಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಸೈನ್ಯಕ್ಕಾಗಿ ಹಳೆಯವನ್ನು ಹೀಗೆ 12 ಅಂಗುಲಕ್ಕೆ ಇಳಿಸುತ್ತಿದ್ದರು.

ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿ ಕೊನೆಗೆ ಹೇಳಿದೆ: ಮೊದಲ ಯುದ್ಧ ಮುಗಿದ ಮೇಲೂ ಇದು ಸೈನ್ಯದ ಉಗ್ರಾಣದಲ್ಲೇ ಇತ್ತು, ಮುತ್ತಜ್ಜ ಮೆಸಪಟೋಮಿಯಾದಿಂದ ತಂದದ್ದು ಇದಾಗಿರಲಾರದು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡನೇ ಯುದ್ಧದಲ್ಲಿ ನಮ್ಮಜ್ಜ ಇದ್ದರು. ಮನೆಯಲ್ಲಿ ಅವರ ಸುದ್ದಿ ಯಾರೂ ಎತ್ತುತ್ತಿರಲಿಲ್ಲ" ಎಂದರು. ಬಯೊನೆಟ್ಟನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು, ಟ್ರಂಕಿನ ತಳದಲ್ಲಿದ್ದ ಕಾಗದಗಳನ್ನು ನೋಡಲು ಎದ್ದು ಹೋದರು.