ಉಕ್ಕಿನ ಉಷ್ಣೋಪಚಾರದಲ್ಲಿ ರಕ್ಷಕ ಅನಿಲ: ಭದ್ರಾವತಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಭದ್ರಾವತಿಯ ಜನ್ನಾಪುರದಂತಹ ಬಡಾವಣೆಗಳ ಬದುಕು ಉಕ್ಕಿನ ಕಾರ್ಖಾನೆಯೊಂದಿಗೆ ಹೆಣೆದುಕೊಂಡು ಬೆಳೆದುದು. ಮೈಸೂರು ಸಂಸ್ಥಾನವು ಸ್ಥಾಪಿಸಿದ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದಿಂದ ತಯಾರಾದ ಇದ್ದಿಲು ಇವೆರಡು ಅದರ ಆಧಾರ. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಈ ಸಂಸ್ಥೆಯು ಮಿಶ್ರಲೋಹ ಹಾಗೂ ವಿಶೇಷ ಉಕ್ಕುಗಳತ್ತ ಹೊರಳಿ, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನಗೊಂಡಿತು. ವಿಶೇಷ ಉಕ್ಕಿನ ಗುಣವು ಕರಗಿಸುವ ಕುಲುಮೆಯಲ್ಲಷ್ಟೇ ನಿರ್ಧಾರವಾಗುವುದಿಲ್ಲ. ಅನಂತರದ ಉಷ್ಣೋಪಚಾರವೂ ಅಷ್ಟೇ ಮುಖ್ಯ. ಆ ಹಂತದಲ್ಲಿ ಬಳಸುವ ರಕ್ಷಕ ಅನಿಲಗಳ ತಯಾರಿಕೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉಕ್ಕನ್ನು ತೆರೆದ ಗಾಳಿಯಲ್ಲಿ ಕಾಯಿಸಿದಾಗ ಎರಡು ಬಗೆಯ ಹಾನಿಗಳು ಸಂಭವಿಸುತ್ತವೆ. ಮೊದಲನೆಯದು, ಮೇಲ್ಮೈಯಲ್ಲಿ ಆಕ್ಸೈಡ್ ಪೊರೆ ಕಟ್ಟುವುದು. ಇದು ಕಣ್ಣಿಗೆ ಕಾಣುತ್ತದೆ. ಎರಡನೆಯದು, ಮೇಲ್ಪದರದ ಇಂಗಾಲವು ಆಮ್ಲಜನಕ, ನೀರಾವಿ ಅಥವಾ ಇಂಗಾಲದ ಡೈಆಕ್ಸೈಡ್‌ನೊಡನೆ ಸೇರಿ ಹೊರಹೋಗುವುದು. ಇದು ಸುಲಭವಾಗಿ ಕಾಣುವುದಿಲ್ಲ. ಆದುದರಿಂದಲೇ ಹೆಚ್ಚು ಅಪಾಯಕಾರಿ. ಇಂಗಾಲವನ್ನು ಕಳೆದುಕೊಂಡ ಹೊರಪದರ ಮೆತ್ತಗಾಗಿ, ಸ್ಪ್ರಿಂಗ್ ಅಥವಾ ಬೇರಿಂಗ್ ನಿರೀಕ್ಷಿತ ಅವಧಿಗೆ ಮೊದಲೇ ಬಿರುಕು ಬಿಡಬಹುದು.

ರಕ್ಷಣೆಯ ಅತ್ಯಂತ ಸರಳ ಅನಿಲವು ಇದ್ದಿಲಿನಿಂದಲೇ ದೊರೆಯುತ್ತದೆ. ಕೆಂಪಗೆ ಕಾದ ಇದ್ದಿಲಿನ ರಾಶಿಯ ಮೂಲಕ ಗಾಳಿಯನ್ನು ಹಾಯಿಸಿದರೆ, ಸುಮಾರು ಮೂರನೆಯ ಒಂದು ಭಾಗ ಇಂಗಾಲದ ಮೊನಾಕ್ಸೈಡ್, ಉಳಿದಂತೆ ಬಹುಪಾಲು ಸಾರಜನಕವಿರುವ ಮಿಶ್ರಣ ಸಿಗುತ್ತದೆ. ಊದುಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವುದೂ ಇದೇ ಮೊನಾಕ್ಸೈಡ್. ಕಬ್ಬಿಣವನ್ನು ಹುಟ್ಟಿಸಿದ ಅನಿಲವೇ ಸಿದ್ಧ ಉಕ್ಕನ್ನು ಕಾಯುತ್ತದೆ ಎನ್ನಬಹುದು.

ಆಧುನಿಕ ವಿಧಾನಗಳಲ್ಲಿ ಇಂಧನಾನಿಲವನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿ ಪಡೆಯುವುದು ಬಹಿರುಷ್ಣಕ ಅನಿಲ. ಈ ಕ್ರಿಯೆಗೆ ಹೊರಗಿನ ಶಾಖ ಬೇಡ. ಗಾಳಿಯನ್ನು ಇನ್ನೂ ಕಡಿಮೆ ಮಾಡಿ, ಮಿಶ್ರಣವನ್ನು ಸುಮಾರು 1050 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಕ್ಕಲ್ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಅಂತರುಷ್ಣಕ ಅನಿಲ ದೊರೆಯುತ್ತದೆ. ಮೀಥೇನಿನಿಂದ ತಯಾರಿಸಿದಾಗ ಇದರಲ್ಲಿ ಸುಮಾರು ಶೇ. 20 ಮೊನಾಕ್ಸೈಡ್, ಶೇ. 40 ಜಲಜನಕ, ಶೇ. 40 ಸಾರಜನಕ ಇರುತ್ತವೆ. ಪ್ರೊಪೇನಿನಿಂದಾದರೆ ಮೊನಾಕ್ಸೈಡ್ ಶೇ. 24ರ ಸಮೀಪಕ್ಕೆ ಏರಿ, ಜಲಜನಕ ಶೇ. 31ರ ಆಸುಪಾಸಿಗೆ ಇಳಿಯುತ್ತದೆ. ಹೊರಬಂದ ಅನಿಲವನ್ನು ತ್ವರಿತವಾಗಿ ತಣಿಸಬೇಕು. ನಿಧಾನಿಸಿದರೆ ಮೊನಾಕ್ಸೈಡ್ ಒಡೆದು ಮಸಿ ಕೂಡುತ್ತದೆ.

ಅಮೋನಿಯವನ್ನು ವಿಭಜಿಸಿದರೆ ಶೇ. 75 ಜಲಜನಕ, ಶೇ. 25 ಸಾರಜನಕವಿರುವ, ಇಂಗಾಲರಹಿತ ಅನಿಲ ದೊರೆಯುತ್ತದೆ. ಇನ್ನೊಂದು ಕ್ರಮದಲ್ಲಿ ಸಾರಜನಕದೊಡನೆ ಮೆಥನಾಲನ್ನು ಬಿಸಿ ಕುಲುಮೆಗೆ ಬಿಟ್ಟು, ಅಂತರುಷ್ಣಕ ಅನಿಲದ ಸಂಯೋಜನೆಯನ್ನೇ ಪಡೆಯಲಾಗುತ್ತದೆ. ಭದ್ರಾವತಿಯ ಮರ ಬಟ್ಟಿಯಿಳಿಸುವ ಸ್ಥಾವರದಲ್ಲಿ ಇದ್ದಿಲಿನ ಜೊತೆಗೆ ಉಪೋತ್ಪನ್ನವಾಗಿ ಮೆಥನಾಲ್ ದೊರೆಯುತ್ತಿದ್ದುದು ಇಲ್ಲಿ ಸ್ಮರಣೀಯ.

ಯಾವ ಅನಿಲವೂ ಎಲ್ಲ ಉಕ್ಕಿಗೂ ಹೊಂದುವುದಿಲ್ಲ. ಅನಿಲದ ಇಂಗಾಲ ವಿಭವವು ಉಕ್ಕಿನಲ್ಲಿರುವ ಇಂಗಾಲಕ್ಕೆ ಸರಿದೂಗಬೇಕು. ಕಡಿಮೆಯಾದರೆ ಉಕ್ಕು ಇಂಗಾಲವನ್ನು ಕಳೆದುಕೊಳ್ಳುತ್ತದೆ, ಹೆಚ್ಚಾದರೆ ಹೀರಿಕೊಳ್ಳುತ್ತದೆ. ಇಬ್ಬನಿ ಬಿಂದುವನ್ನು ಅಳೆದು, ಇಲ್ಲವೇ ಜಿರ್ಕೋನಿಯದ ಆಮ್ಲಜನಕ ಶೋಧಕವನ್ನು ಬಳಸಿ ಈ ಸಮತೋಲವನ್ನು ಕಾಯ್ದುಕೊಳ್ಳಲಾಗುತ್ತದೆ.

ಉಕ್ಕನ್ನು ಕಾಯುವ ಅನಿಲವು ಮನುಷ್ಯನಿಗೆ ಮಾರಕವೆಂಬುದನ್ನು ಮರೆಯಲಾಗದು. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯದ ಕುಲುಮೆಗೆ ಇಂತಹ ಅನಿಲವನ್ನು ಬಿಟ್ಟರೆ ಅದು ಗಾಳಿಯೊಡನೆ ಬೆರೆತು ಸ್ಫೋಟಿಸಬಹುದು. ಆದುದರಿಂದ ಸುಮಾರು 760 ಡಿಗ್ರಿಗಿಂತ ಕೆಳಗೆ ಅದನ್ನು ಒಳಬಿಡದಿರುವುದು, ಸಾರಜನಕದಿಂದ ಕುಲುಮೆಯನ್ನು ತೊಳೆಯುವುದು ಕಡ್ಡಾಯ ಶಿಸ್ತುಗಳು.

2023ರ ಜನವರಿಯಲ್ಲಿ, ಊದುಕುಲುಮೆ ಹೊತ್ತಿದ ನೂರು ವರ್ಷಗಳಿಗೆ ಸರಿಯಾಗಿ, ಭದ್ರಾವತಿಯ ಸ್ಥಾವರವನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರ ಪ್ರತಿಭಟನೆಗೆ ಕಾರಣವಾಯಿತು. ಯಂತ್ರಗಳನ್ನು ಮತ್ತೆ ಕೊಳ್ಳಬಹುದು. ಕುಲುಮೆಯ ಬಾಯಲ್ಲಿ ಉರಿಯುವ ಜ್ವಾಲೆಯ ಬಣ್ಣವನ್ನು ಕಂಡು ಒಳಗಿನ ಸ್ಥಿತಿಯನ್ನು ಊಹಿಸುವ ಅನುಭವವನ್ನು ಹಾಗೆ ಕೊಳ್ಳಲಾಗದು. ಆ ಅನುಭವವು ಅದನ್ನು ಬಲ್ಲವರು ಇರುವಾಗಲೇ ಕನ್ನಡದಲ್ಲಿ ದಾಖಲಾಗಬೇಕಾದುದು ಅಗತ್ಯ.